ಸೀಲಿಂಗ್ ಕಾರ್ನಿಸ್‌ಗೆ ಯಾವ ಅಂಟು? ಮೊದಲು ಸೀಲಿಂಗ್ ಮುಟ್ಟಿ ನೋಡಿ

ಗೋಡೆ ಮತ್ತು ಸೀಲಿಂಗ್ ಸೇರುವ ಅಂಚಿಗೆ ಹಗುರವಾದ ಕಾರ್ನಿಸ್ ಹಾಕಬೇಕು ಅಂತ ಹೊರಟವರು ಡಿಸೈನ್ ಆರಿಸುವುದಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅಂಟಿನ ಸರದಿ ಬಂದಾಗ ಮಾತ್ರ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದುಬಿಡುತ್ತಾರೆ. ತಪ್ಪು ಅವರದ್ದಲ್ಲ. ಹತ್ತು ಬಗೆಯ ಟ್ಯೂಬು, ಎಲ್ಲದರ ಮೇಲೂ ಒಂದೇ ಮಾತು: ಭಾರಿ ಬಲ, ಮೊಳೆಯೇ ಬೇಡ. ಯಾವುದನ್ನು ಬಿಟ್ಟು ಯಾವುದನ್ನು ಆರಿಸೋದು?

ನಿಜ ಹೇಳಬೇಕೆಂದರೆ ಹಗುರ ಕಾರ್ನಿಸ್‌ಗೆ ಬಲ ದೊಡ್ಡ ವಿಷಯವೇ ಅಲ್ಲ. 2 ಮೀಟರ್ ಉದ್ದದ, ಎರಡೂ ಕಡೆ 80 ಮಿ.ಮೀ. ಇರುವ ಥರ್ಮಾಕೋಲ್ ಕಾರ್ನಿಸ್ ತೆಗೆದುಕೊಳ್ಳಿ. ಘನ ಮೀಟರ್‌ಗೆ 25 ಕೆ.ಜಿ. ಸಾಂದ್ರತೆ ಎಂದು ಹಿಡಿದರೆ ಇಡೀ ತುಂಡಿನ ತೂಕ 160 ಗ್ರಾಂ ಆಸುಪಾಸು ಬರುತ್ತದೆ. ಇಷ್ಟನ್ನು ಹಿಡಿದಿಡಲು ಮಾಮೂಲಿ ಅಂಟೂ ಸಾಕು. ಆದರೂ ಕಾರ್ನಿಸ್‌ಗಳು ಬೀಳುತ್ತವೆ. ಬಿದ್ದ ತುಂಡನ್ನು ಮಗುಚಿ ಅದರ ಬೆನ್ನು ನೋಡಿ. ಹೆಚ್ಚಿನ ಸಲ ಅಂಟು ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಸೀಲಿಂಗಿನ ಹಳೆಯ ಬಣ್ಣ, ಅದರ ಹಿಂದೆ ಒಂದಿಷ್ಟು ಸುಣ್ಣದ ಪುಡಿ, ಒಂದೇ ಪದರವಾಗಿ ಕಿತ್ತು ಬಂದಿರುತ್ತದೆ. ಅಂಟು ತನ್ನ ಕೆಲಸ ಸರಿಯಾಗೇ ಮಾಡಿದೆ. ಕೈಕೊಟ್ಟದ್ದು ಅದರ ಕೆಳಗಿನ ಬಣ್ಣ.

ಹಾಗಾಗಿ ಟ್ಯೂಬಿನ ಮೇಲೆ ಬರೆದಿರುವ ಕಿಲೋಗ್ರಾಂ ಲೆಕ್ಕ ಬಿಡಿ. ಮೂರು ವಿಷಯ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ: ಕಾರ್ನಿಸ್ ಯಾವುದರದ್ದು, ಸೀಲಿಂಗ್ ಮೇಲೆ ಏನಿದೆ, ಗೋಡೆ ಎಷ್ಟು ಡೊಂಕಾಗಿದೆ. ಬಣ್ಣ ಹಿಡಿಯುತ್ತದಾ, ವಾಸನೆ ಎಷ್ಟು, ಮುಂದೆ ತೆಗೆಯಬೇಕಾ, ಖರ್ಚೆಷ್ಟು ಅನ್ನುವುದೆಲ್ಲ ಆಮೇಲಿನ ಮಾತು.

ಕಾರ್ನಿಸ್ ಯಾವುದರದ್ದು?

ಮುರಿದ ಅಂಚಿನಲ್ಲಿ ಸಣ್ಣ ಸಣ್ಣ ಗುಂಡು ಕಾಣಿಸಿದರೆ ಅದು ಥರ್ಮಾಕೋಲ್, ಅಂದರೆ ಇಪಿಎಸ್. ಗುಂಡು ಇಲ್ಲದೆ ನುಣ್ಣಗೆ, ಅಂಚುಗಳು ಚೂಪಾಗಿದ್ದರೆ ಎಕ್ಸ್‌ಪಿಎಸ್ ಇರಬಹುದು. ಎರಡೂ ಪಾಲಿಸ್ಟೈರೀನ್, ಗುಣ ಒಂದೇ. ಇನ್ನೂ ಸ್ವಲ್ಪ ತೂಕವಿದ್ದು, ಬೆರಳಲ್ಲಿ ತಟ್ಟಿದರೆ ಮರದಂಥ ಸದ್ದು ಬಂದರೆ, ಮೇಲೆ ಬಿಳಿ ಪ್ರೈಮರ್ ಬಳಿದೇ ಬಂದಿದ್ದರೆ ಅದು ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಪಾಲಿಸ್ಟೈರೀನ್‌ಗೆ ಥಿನ್ನರ್ ಜಾತಿಯ ದ್ರವ ಆಗಿಬರುವುದಿಲ್ಲ. ಟೊಲುಯಿನ್, ಅಸಿಟೋನ್ ಇರುವ ಅಂಟು ತಾಗಿದ ಕಡೆ ಅದು ಕರಗಿ ಕುಸಿಯುತ್ತದೆ. ಪಿಯು ಹಾಗೆ ಕರಗುವುದಿಲ್ಲ. ಅನುಮಾನವಿದ್ದರೆ ಸುಲಭದ ದಾರಿ ಇದೆ. ಕತ್ತರಿಸಿ ಉಳಿದ ಚೂರಿನ ಮೇಲೆ, ಕೊಳ್ಳಬೇಕೆಂದಿರುವ ಅಂಟನ್ನೇ ಒಂದು ಗೆರೆ ಎಳೆದು ಒಂದು ದಿನ ಬಿಡಿ. ಮರುದಿನ ಅಲ್ಲೇ ಅಡ್ಡ ಕೊಯ್ದು ನೋಡಿ. ಅಂಟಿನ ಕೆಳಗೆ ಗುಳಿ ಬಿದ್ದಿದ್ದರೆ ಆ ಟ್ಯೂಬು ವಾಪಸ್.

ಜಿಪ್ಸಂ ಅಥವಾ ಪಿಒಪಿಯಲ್ಲಿ ಎರಕ ಹೊಯ್ದ ಕಾರ್ನಿಸ್ ಬೇರೆಯೇ ಲೆಕ್ಕ. ಅದಕ್ಕೆ ತೂಕವಿದೆ, ಅಂಟಿನ ಜೊತೆ ಸ್ಕ್ರೂ ಕೂಡ ಬೇಕಾಗುತ್ತದೆ. ಇಲ್ಲಿ ಅದರ ಮಾತು ಜಾಸ್ತಿ ಬರುವುದಿಲ್ಲ.

ಸೀಲಿಂಗ್ ಪರೀಕ್ಷೆ

ಏಣಿ ಹತ್ತಿ ಕಾರ್ನಿಸ್ ಕೂರುವ ಜಾಗವನ್ನು ಬೆರಳಿಂದ ಗಟ್ಟಿಯಾಗಿ ಉಜ್ಜಿ. ಬೆರಳು ಬೆಳ್ಳಗಾದರೆ ಅಲ್ಲಿರುವುದು ಸುಣ್ಣ ಅಥವಾ ಹಳೆಯ ಡಿಸ್ಟೆಂಪರ್. ಅದರ ಮೇಲೆ ಯಾವ ಅಂಟು ಹಾಕಿದರೂ ನೀವು ಪುಡಿಗೆ ಅಂಟಿಸುತ್ತಿದ್ದೀರಿ ಅಷ್ಟೇ. ಬೆರಳು ಸ್ವಚ್ಛವಾಗಿದ್ದರೆ ಒಂದು ತುಂಡು ಗಟ್ಟಿ ಟೇಪ್ ಒತ್ತಿ, ಸರಕ್ಕನೆ ಎಳೆಯಿರಿ. ಟೇಪಿನ ಜೊತೆ ಬಣ್ಣದ ಚಕ್ಕೆ ಬಂದರೆ ಅದೂ ನಂಬುವ ಹಾಗಿಲ್ಲ.

ಇಡೀ ಸೀಲಿಂಗ್ ಕೆರೆಯಬೇಕಾ ಅಂತ ಗಾಬರಿಯಾಗಬೇಡಿ. ಕಾರ್ನಿಸ್ ತುಂಡನ್ನು ಮೂಲೆಗೆ ಹಿಡಿದು, ಮೇಲಂಚು ಕೆಳಅಂಚಿನ ಗುಂಟ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆಯ ಒಳಗಿನ ಪಟ್ಟಿಯನ್ನು ಮಾತ್ರ ಕೆರೆದು, ಒದ್ದೆ ಸ್ಪಂಜಿನಿಂದ ಒರೆಸಿ, ಒಣಗಿದ ಮೇಲೆ ಒಂದು ಕೋಟ್ ಪ್ರೈಮರ್ ಹೊಡೆದರೆ ಸಾಕು. ಈ ಬೇಸರದ ಕೆಲಸಕ್ಕೆ ಬದಲಾಗಿ ದುಬಾರಿ ಅಂಟು ಹಾಕಿ ದಾಟಿಕೊಳ್ಳೋಣ ಅಂತ ಅನ್ನಿಸುತ್ತದೆ, ಅಲ್ವಾ? ಅದು ನಡೆಯುವುದಿಲ್ಲ.

ಮೂರನೆಯದು ನೀರಿನ ಪರೀಕ್ಷೆ. ಒದ್ದೆ ಬೆರಳಿಂದ ಒಂದು ಹನಿ ಸವರಿ. ಜಾಗ ಕಪ್ಪಾಗಿ ನೀರು ಹೀರಿಕೊಂಡರೆ ಅದು ನೀರು ಕುಡಿಯುವ ಮೈ. ಹನಿ ಹಾಗೇ ನಿಂತರೆ ಆಯಿಲ್ ಪೇಂಟ್ ಅಥವಾ ಹೊಳಪಿನ ಎಮಲ್ಷನ್. ಇದು ಯಾಕೆ ಬೇಕು ಅನ್ನುವುದು ಅಕ್ರಿಲಿಕ್ ಅಂಟಿನ ಮಾತು ಬಂದಾಗ ಗೊತ್ತಾಗುತ್ತದೆ.

ಕೊನೆಗೆ ಡೊಂಕು. ಕಾರ್ನಿಸನ್ನು ಒತ್ತಡ ಹಾಕದೆ ಮೂಲೆಗೆ ಹಿಡಿದು, ಬೆಳಕು ಬಿಟ್ಟು ಸಂದು ನೋಡಿ. 2-3 ಮಿ.ಮೀ. ಸಂದು ಎಲ್ಲ ಕಡೆ ಇರುವುದೇ. 5 ಮಿ.ಮೀ. ದಾಟಿದರೆ ಅಂಟಿಗೆ ಎರಡು ಕೆಲಸ ಬೀಳುತ್ತದೆ: ಹಿಡಿಯುವುದು ಮತ್ತು ತುಂಬುವುದು. ಬಗ್ಗಿಸಿ ಒತ್ತಿ ಕೂರಿಸಿದ ತುಂಡು ಮತ್ತೆ ನೆಟ್ಟಗಾಗಲು ಎಳೆಯುತ್ತಲೇ ಇರುತ್ತದೆ. 160 ಗ್ರಾಂ ತೂಕಕ್ಕಿಂತ ಆ ಎಳೆತವೇ ಅಂಟಿಗೆ ದೊಡ್ಡ ಪರೀಕ್ಷೆ.

ನೀರಿನ ಅಕ್ರಿಲಿಕ್ ಅಂಟು

ಕಾರ್ಟ್ರಿಜ್‌ನಲ್ಲಿ, ಅಂದರೆ ಗನ್‌ಗೆ ಹಾಕಿ ಒತ್ತುವ ಟ್ಯೂಬಿನಲ್ಲಿ, ಬರುವ ಬಿಳಿ ಅಂಟು ಇದು. ಲೇಬಲ್ ಮೇಲೆ ಸಾಲ್ವೆಂಟ್ (ಥಿನ್ನರ್ ಜಾತಿಯ ದ್ರವ) ಇಲ್ಲ, ಪಾಲಿಸ್ಟೈರೀನ್‌ಗೆ ಆಗುತ್ತದೆ ಅಂತ ಬರೆದಿರುತ್ತದೆ. ಹಗುರ ಕಾರ್ನಿಸ್‌ಗೆ ನನ್ನ ಮೊದಲ ಆಯ್ಕೆ ಇದೇ. ವಾಸನೆ ಕಡಿಮೆ. ಕೈಗೆ, ಕಾರ್ನಿಸ್‌ಗೆ ಮೆತ್ತಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ಒಣಗಿದ ಮೇಲೆ ಅದರ ಮೇಲೆ ಪೇಂಟ್ ಹೊಡೆಯಬಹುದು. ಅಂಚಿನ ಸಣ್ಣ ಸಂದು, ಜಾಯಿಂಟ್‌ಗಳಿಗೂ ಬಹಳಷ್ಟು ಕಂಪನಿಗಳ ಇದೇ ಅಂಟು ಆಗುತ್ತದೆ. ಬೆಲೆಯೂ ಹೊರೆಯಲ್ಲ.

ಇದು ಗಟ್ಟಿಯಾಗುವುದು ಒಳಗಿನ ನೀರು ಹೊರಗೆ ಹೋದಾಗ. ನೀರು ಹೋಗಲು ಒಂದು ದಾರಿ ಬೇಕು. ಗೋಡೆಯೋ ಸೀಲಿಂಗೋ ನೀರು ಕುಡಿಯುವಂಥದ್ದಾದರೆ ತೊಂದರೆಯಿಲ್ಲ. ಆದರೆ ಒಂದು ಕಡೆ ಥರ್ಮಾಕೋಲ್, ಇನ್ನೊಂದು ಕಡೆ ಆಯಿಲ್ ಪೇಂಟ್ ಆದಾಗ ನೀರು ಎರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ. ಹೊರಗೆ ಕಾಣುವ ಅಂಚು ಗಟ್ಟಿಯಾಗಿರುತ್ತದೆ, ಒಳಗೆ ದಿನಗಟ್ಟಲೆ ಮೆತ್ತಗೇ ಉಳಿಯುತ್ತದೆ. ಕಾರ್ನಿಸ್ ನಿಧಾನಕ್ಕೆ ಜಾರುತ್ತದೆ. ಹೊಳಪಿನ ಬಣ್ಣವನ್ನು ಸ್ಯಾಂಡ್ ಪೇಪರ್ ಹಾಕಿ ಮಂಕು ಮಾಡಿದರೆ ಹಿಡಿತ ಸಿಗುತ್ತದೆ, ಒಣಗುವ ಸಮಸ್ಯೆ ಮಾತ್ರ ಪೂರ್ತಿ ಹೋಗುವುದಿಲ್ಲ. ಅಂಥ ಕಡೆ ಗೆರೆ ತೆಳ್ಳಗಿರಲಿ, ಅಂಚಿಗೆ ಹತ್ತಿರವಿರಲಿ.

ಇನ್ನೊಂದು, ನೀರು ಹೋದಷ್ಟೂ ಅಂಟು ಕುಗ್ಗುತ್ತದೆ. 5 ಮಿ.ಮೀ. ಸಂದಿಗೆ ಒಂದೇ ಸಲ ತುಂಬಿದರೆ ಮಾರನೇ ದಿನ ಅಲ್ಲಿ ಹಳ್ಳ ಕಾಣುತ್ತದೆ, ಇನ್ನೊಂದು ಸಲ ತುಂಬಬೇಕು. ಹಚ್ಚುವಾಗ ಫ್ಯಾನ್ ಆಫ್ ಇರಲಿ. ಗಾಳಿಗೆ ಅಂಟಿನ ಮೇಲೆ ಬೇಗ ಕೆನೆ ಕಟ್ಟುತ್ತದೆ, ಕೆನೆ ಕಟ್ಟಿದ ಅಂಟು ಹಿಡಿಯುವುದಿಲ್ಲ. ಒಂದು ತುಂಡಿಗೆ ಹಚ್ಚಿ, ಅದನ್ನು ಕೂರಿಸಿ, ಆಮೇಲೆ ಮುಂದಿನದು. 5 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಕೋಣೆಯಲ್ಲಿ ಇದನ್ನು ಬಳಸುವ ಹಾಗಿಲ್ಲ.

ಎಂಎಸ್ ಪಾಲಿಮರ್

ಇದೂ ಟ್ಯೂಬಿನಲ್ಲೇ ಬರುವ ಒಂದು ಬಗೆಯ ಅಂಟು, ಹೈಬ್ರಿಡ್ ಅಂತಲೂ ಕರೆಯುತ್ತಾರೆ. ಇದಕ್ಕೆ ನೀರು ಹೊರಗೆ ಹೋಗಬೇಕಿಲ್ಲ, ಉಲ್ಟಾ ಗಾಳಿಯ ತೇವ ಒಳಗೆ ಬರಬೇಕು. ಆದ್ದರಿಂದ ಆಯಿಲ್ ಪೇಂಟ್, ಟೈಲ್ಸ್, ಲೋಹ, ಯಾವುದರ ಮೇಲೂ ಹಿಡಿಯುತ್ತದೆ. ಕುಗ್ಗುವುದು ತೀರಾ ಕಡಿಮೆ. ಥರ್ಮಾಕೋಲ್ ಕರಗಿಸುವುದಿಲ್ಲ. ಒಣಗಿದ ಮೇಲೂ ರಬ್ಬರಿನಂತೆ ಬಳುಕುತ್ತದೆ.

ಈ ಬಳುಕುವ ಗುಣದ ಬೆಲೆ ತಿಳಿಯಲು ಒಂದು ಲೆಕ್ಕ ಸಾಕು. ಪಾಲಿಸ್ಟೈರೀನ್ ಬಿಸಿಗೆ ಹಿಗ್ಗುವುದು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 70 ಪಾಲು. 2 ಮೀಟರ್ ತುಂಡಿಗೆ 10 ಡಿಗ್ರಿ ವ್ಯತ್ಯಾಸವಾದರೆ 1.4 ಮಿ.ಮೀ. ಅಷ್ಟೇ ಉದ್ದದ ಕಾಂಕ್ರೀಟ್ ಹಿಗ್ಗುವುದು ಸುಮಾರು 0.2 ಮಿ.ಮೀ. ಮಾತ್ರ. ಮೇಲೆ ತಾರಸಿ ಕಾಯುವ ಕೋಣೆಗಳಲ್ಲಿ ಕಾರ್ನಿಸ್ ಜಾಯಿಂಟ್ ಬಿರುಕು ಬಿಡುವುದು ಬಹುಪಾಲು ಇದೇ ಕಾರಣಕ್ಕೆ. ಬಳುಕುವ ಅಂಟು ಈ ಓಡಾಟವನ್ನು ತಡೆದುಕೊಳ್ಳುತ್ತದೆ.

ಹಾಗಾದರೆ ಎಲ್ಲ ಕಡೆ ಇದನ್ನೇ ಹಾಕಬಾರದಾ? ಹಾಕಬಹುದು, ಜೇಬು ಒಪ್ಪಿದರೆ. ಅಕ್ರಿಲಿಕ್‌ಗಿಂತ ಎದ್ದು ಕಾಣುವಷ್ಟು ದುಬಾರಿ. ಕೆಲಸ ಸ್ವಲ್ಪ ಜಿಗುಟು: ಮೆತ್ತಿಕೊಂಡರೆ ನೀರಿಗೆ ಹೋಗುವುದಿಲ್ಲ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಬೇಕು. ಒಣಗಿದ ಮೇಲೆ ಸ್ಯಾಂಡ್ ಪೇಪರ್‌ಗೆ ಬಗ್ಗದು, ಉಜ್ಜಿದರೆ ಸುರುಳಿ ಸುರುಳಿಯಾಗಿ ಏಳುತ್ತದೆ. ಹಾಗಾಗಿ ಮುಂದೆ ಕಾಣುವ ಜಾಯಿಂಟ್ ನುಣ್ಣಗೆ ಮಾಡಲು ಇದು ತಕ್ಕದ್ದಲ್ಲ. ನೀರಿನ ಪೇಂಟ್ ಇದರ ಮೇಲೆ ಸಾಮಾನ್ಯವಾಗಿ ಕೂರುತ್ತದೆ, ಆಯಿಲ್ ಪೇಂಟ್ ಮಾತ್ರ ಕೆಲವೊಮ್ಮೆ ಒಣಗದೆ ಅಂಟಂಟಾಗಿ ಉಳಿಯುತ್ತದೆ. ದಪ್ಪ ಮುದ್ದೆ ಹಾಕಿದರೆ ಒಣಗುವುದೂ ತಡ. ಹೊರಗಿನಿಂದ ಒಳಕ್ಕೆ ದಿನಕ್ಕೆ 2-3 ಮಿ.ಮೀ. ಅಷ್ಟೇ ಅದರ ವೇಗ.

ನಾನಾದರೆ ಎರಡನ್ನೂ ಬೇರೆ ಬೇರೆ ಕಡೆ ಬಳಸುತ್ತೇನೆ. ಕೋಣೆಯ ಹೆಚ್ಚಿನ ಭಾಗಕ್ಕೆ ಅಕ್ರಿಲಿಕ್. ಡೊಂಕಿನಿಂದ ತುಂಡು ಎಳೆಯುವ ಕಡೆ, ಅಡುಗೆಮನೆಯ ಹೊಳಪಿನ ಗೋಡೆ, ಇಂಥಲ್ಲಿ ಎಂಎಸ್. ಅಂಚಿನ ಸಂದು ತುಂಬಲು ಮತ್ತೆ ಅಕ್ರಿಲಿಕ್. ದುಬಾರಿ ಟ್ಯೂಬು ಒಂದೇ ಸಾಕಾಗುತ್ತದೆ.

ಜಿಪ್ಸಂ ಪುಡಿ

ನೀರಿಗೆ ಕಲಸಿ ಹಚ್ಚುವ ಪುಡಿ. ಗೋಡೆ ಕೆಟ್ಟದಾಗಿ ಡೊಂಕಿದ್ದರೆ, ಬಣ್ಣ ಕಾಣದ ಹೊಸ ಗಾರೆ ಇದ್ದರೆ, ನಾಲ್ಕೈದು ಕೋಣೆಗೆ ಒಟ್ಟಿಗೆ ಹಾಕುವುದಿದ್ದರೆ ಇದರಷ್ಟು ಅಗ್ಗದ ದಾರಿ ಇಲ್ಲ. ಇದು ಒಣಗುವುದಲ್ಲ, ರಾಸಾಯನಿಕವಾಗಿ ಸೆಟ್ ಆಗುವುದು. ಆದ್ದರಿಂದ ದಪ್ಪ ಸಂದಿಯಲ್ಲೂ ಅಕ್ರಿಲಿಕ್‌ನ ಹಾಗೆ ಕುಗ್ಗುವುದಿಲ್ಲ. ಒತ್ತಿದಾಗ ಅಂಚಿನಿಂದ ಹೊರಬಂದದ್ದನ್ನೇ ಪುಟ್ಟಿ ಬ್ಲೇಡಿನಲ್ಲಿ ತೆಗೆದು ಜಾಯಿಂಟಿಗೆ ತುಂಬಿ, ಒದ್ದೆ ಬ್ರಶ್ ಎಳೆದರೆ ಫಿನಿಶಿಂಗ್ ಕೂಡ ಅಲ್ಲಿಗೇ ಮುಗಿಯಿತು.

ಆದರೆ ಗಡಿಯಾರ ಓಡುತ್ತಿರುತ್ತದೆ. ಚೀಲದ ಮೇಲೆ ಸೆಟ್ ಆಗುವ ಸಮಯ ಬರೆದಿರುತ್ತದೆ. ಹೊಸಬರು ಒಂದು ಗಂಟೆಗೆ ಕಡಿಮೆ ಇಲ್ಲದ್ದನ್ನು ಆರಿಸಿಕೊಳ್ಳಿ, ಒಂದು ಸಲಕ್ಕೆ ಎರಡು ತುಂಡಿಗಾಗುವಷ್ಟೇ ಕಲಸಿ. ನೀರಿಗೆ ಪುಡಿ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಬಕೆಟ್ ಪ್ರತಿ ಸಲ ತೊಳೆಯಿರಿ. ಹಿಂದಿನ ಸಲದ ಗಟ್ಟಿ ಚೂರು ಉಳಿದಿದ್ದರೆ ಹೊಸ ಮುದ್ದೆ ಕೈಯಲ್ಲಿರುವಾಗಲೇ ಬಿಗಿಯುತ್ತದೆ. ಬಿಗಿಯಲು ಶುರುವಾದದ್ದಕ್ಕೆ ನೀರು ಸೇರಿಸಿ ಸಡಿಲ ಮಾಡಿದರೆ ಬಲ ಹೋಯಿತು, ಚೆಲ್ಲುವುದೇ ಸರಿ.

ಒರಟು ಬೆನ್ನಿನ ಥರ್ಮಾಕೋಲ್‌ಗೆ ಇದು ಹಿಡಿಯುತ್ತದೆ. ನುಣುಪಾದ ಪಿಯುಗೆ ಬೇಡ. ಬಣ್ಣದ ಗೋಡೆಯಾದರೆ ಮೊಳೆಯಿಂದ ಅಡ್ಡಡ್ಡ ಗೀರು ಹಾಕಿ ಒರಟು ಮಾಡಬೇಕು. ತುಂಬಾ ಒಣಗಿದ ಗಾರೆಗೆ ಮೊದಲು ಸ್ವಲ್ಪ ನೀರು ಚಿಮುಕಿಸಿ. ಇಲ್ಲದಿದ್ದರೆ ಗಾರೆಯೇ ಮುದ್ದೆಯ ನೀರೆಲ್ಲ ಎಳೆದುಕೊಂಡು ಹಿಡಿತ ಪುಡಿಪುಡಿಯಾಗುತ್ತದೆ. ಸ್ನಾನದ ಮನೆಗೆ ಇದು ಆಗದು, ಜಿಪ್ಸಂಗೆ ಸದಾ ತೇವ ಒಗ್ಗುವುದಿಲ್ಲ.

ಪಿಯು ಅಂಟು ಮತ್ತು ಫೋಮ್

ಪಿಯು ಕಾರ್ನಿಸ್ ತಯಾರಕರು ಜಾಯಿಂಟಿಗೆಂದೇ ಬೇರೆ ಅಂಟು ಮಾರುತ್ತಾರೆ. ಎರಡು ತುಂಡುಗಳ ತುದಿಯನ್ನು ಅದು ಗಟ್ಟಿಯಾಗಿ ಬೆಸೆಯುತ್ತದೆ. ಉಬ್ಬಿ ಹೊರಬಂದದ್ದನ್ನು ಒಣಗಿದ ಮೇಲೆ ಬ್ಲೇಡಿನಲ್ಲಿ ಕೊಯ್ದು ಉಜ್ಜಬಹುದು. ಪಿಯು ಕಾರ್ನಿಸ್‌ಗೆ ಇಷ್ಟು ಖರ್ಚು ಮಾಡಿದ ಮೇಲೆ ಜಾಯಿಂಟ್ ಅಂಟಿಗೆ ಜಿಪುಣತನ ಬೇಡ. ಗ್ಲೌಸ್ ಹಾಕಿಕೊಳ್ಳಿ, ಕೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಥರ್ಮಾಕೋಲ್‌ಗೆ ಇದೇ ಅಂಟು ಹಾಕುವುದಾದರೆ ಮೊದಲು ಹೇಳಿದ ಚೂರಿನ ಪರೀಕ್ಷೆ ಕಡ್ಡಾಯ.

ಬಾಗಿಲು ಚೌಕಟ್ಟಿಗೆ ತುಂಬುವ ಮಾಮೂಲಿ ಫೋಮ್ ಕಾರ್ನಿಸ್‌ಗೆ ಬೇಡವೇ ಬೇಡ. ಅದು ಉಬ್ಬುವಾಗ ಕಾರ್ನಿಸನ್ನು ಗೋಡೆಯಿಂದ ಹೊರಗೆ ತಳ್ಳುತ್ತದೆ. ಕಡಿಮೆ ಉಬ್ಬುವ, ಅಂಟಿಸಲೆಂದೇ ಮಾಡಿದ ಫೋಮ್ ಬೇರೆ ಇದೆ. ದೊಡ್ಡ ಅಳತೆಯ ಥರ್ಮಾಕೋಲ್ ಕಾರ್ನಿಸ್ ಮತ್ತು ಡೊಂಕು ಗೋಡೆ ಜೊತೆಗೂಡಿದಾಗ ಅದು ಉಪಯೋಗಕ್ಕೆ ಬರುತ್ತದೆ. ಬಿಗಿಯುವ ತನಕ ಆಸರೆ ಕೊಟ್ಟಿರಬೇಕು.

ಬೇಡ ಅನ್ನಬೇಕಾದವು

ಥಿನ್ನರ್ ವಾಸನೆಯ ರಬ್ಬರ್ ಅಂಟಿನ ಕಥೆ ಆಗಲೇ ಬಂತು. ಪಾಲಿಸ್ಟೈರೀನ್‌ಗೆ ಅದು ಶತ್ರು. ಮುಂದಿನಿಂದ ಏನೂ ಕಾಣದೆ ಬೆನ್ನು ಮಾತ್ರ ಟೊಳ್ಳಾಗುವುದರಿಂದ ಗೊತ್ತಾಗುವುದೂ ತಡ. ಪಿಯುಗೆ ಹಾನಿಯಿಲ್ಲದಿದ್ದರೂ, ಮುಚ್ಚಿದ ಕೋಣೆಯಲ್ಲಿ ತಲೆಯ ಮೇಲಿಂದ ಆ ಆವಿ ಕುಡಿಯುವ ಅಗತ್ಯ ಏನಿದೆ? ಅದಕ್ಕೆ ಬೆಂಕಿ ಬೇಗ ತಗಲುವ ಭಯ ಬೇರೆ.

ಸಿಲಿಕೋನ್ ಮನೆಯಲ್ಲಿ ಉಳಿದಿದೆ ಅಂತ ಸುಮ್ನೆ ಬಳಸಬೇಡಿ. ಹಿಡಿಯುತ್ತದೆ ನಿಜ, ಆದರೆ ಅದರ ಮೇಲೆ ಪೇಂಟ್ ನಿಲ್ಲುವುದಿಲ್ಲ. ಕೆರೆದು ತೆಗೆದರೂ ಗೋಡೆಯಲ್ಲಿ ಉಳಿಯುವ ಜಿಡ್ಡು ಮುಂದಿನ ಅಂಟಿಗೂ ತೊಡಕು. ಮರಕ್ಕೆ ಹಾಕುವ ಬಿಳಿ ಅಂಟು ಹಿಡಿಯಲು ತುಂಬಾ ಹೊತ್ತು ತೆಗೆದುಕೊಳ್ಳುತ್ತದೆ, ಅಲ್ಲಿಯವರೆಗೆ ಕಾರ್ನಿಸ್ ಹಿಡಿದು ನಿಲ್ಲುವವರು ಯಾರು? ಹಾಟ್ ಗ್ಲೂ ಗನ್ ಕೂಡ ಬೇಡ. ಪಾಲಿಸ್ಟೈರೀನ್ 100 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ, ಬಿಸಿ ಅಂಟು ಅದಕ್ಕಿಂತ ಜಾಸ್ತಿ ಕಾದಿರುತ್ತದೆ. ಅದೂ ಅಲ್ಲದೆ 2 ಮೀಟರ್ ಉದ್ದಕ್ಕೆ ಹಚ್ಚಿ ಮುಗಿಸುವಷ್ಟರಲ್ಲಿ ಮೊದಲು ಹಚ್ಚಿದ್ದು ತಣ್ಣಗಾಗಿರುತ್ತದೆ. ಡಬಲ್ ಟೇಪ್ ಒಂದೆರಡು ದಿನದ ಅಲಂಕಾರಕ್ಕೆ ಸರಿ.

ನಿಮ್ಮದು ಯಾವ ಸಂದರ್ಭ?

ಹೊಳಪಿಲ್ಲದ ಎಮಲ್ಷನ್ ಹೊಡೆದ ಗಟ್ಟಿ ಸೀಲಿಂಗ್, ಥರ್ಮಾಕೋಲ್ ಅಥವಾ ಎಕ್ಸ್‌ಪಿಎಸ್ ಕಾರ್ನಿಸ್, ಸಂದು ಕಡಿಮೆ: ಅಕ್ರಿಲಿಕ್, ಯೋಚನೆಯೇ ಬೇಡ. ಪಿಯು ಕಾರ್ನಿಸ್ ಆದರೂ ಗೋಡೆಗೆ ಅಕ್ರಿಲಿಕ್ ಸಾಕು, ತುದಿಗಳಿಗೆ ಮಾತ್ರ ಜಾಯಿಂಟ್ ಅಂಟು. ಎಲ್ಲ ಕಡೆ ಆಯಿಲ್ ಪೇಂಟ್ ಇದ್ದು, ಕೆರೆಯಲು ಮನಸ್ಸಿಲ್ಲದಿದ್ದರೆ ಎಂಎಸ್‌ಗೆ ದುಡ್ಡು ಹಾಕಿ. ಆಗಲೂ ಟೇಪ್ ಪರೀಕ್ಷೆ ಪಾಸಾಗಿರಬೇಕು. ಹೊಸ ಗಾರೆ, ಡೊಂಕು ಗೋಡೆ, ಕೈ ಪಳಗಿದ ಗಾರೆಯವರು ಜೊತೆಗಿದ್ದರೆ ಜಿಪ್ಸಂ ಪುಡಿ. ಸ್ನಾನದ ಮನೆಗೆ ಎಂಎಸ್.

ಬಾಡಿಗೆ ಮನೆಯವರ ಕಷ್ಟ ಬೇರೆ. ಅವರಿಗೆ ಬೇಕಾದದ್ದು ಹಿಡಿಯುವ ಅಂಟಲ್ಲ, ಬಿಡುವ ಅಂಟು. ಪೂರ್ತಿ ಗುರುತು ಉಳಿಸದೆ ಬರುವಂಥದ್ದು ಯಾವುದೂ ಇಲ್ಲ. ಆದರೂ ಅಕ್ರಿಲಿಕ್‌ನ ತೆಳು ಗೆರೆಯನ್ನು ಹರಿತ ಬ್ಲೇಡಿನಿಂದ ಕೊಯ್ದು ಬಿಡಿಸಿ, ಉಳಿದದ್ದನ್ನು ಉಜ್ಜಿ, ಪುಟ್ಟಿ ಎಳೆದು ಬಣ್ಣ ಹೊಡೆಯಬಹುದು. ಎಂಎಸ್ ಆದರೆ ಗಾರೆಯನ್ನೇ ಕಿತ್ತುಕೊಂಡು ಬರುವ ಸಾಧ್ಯತೆ ಜಾಸ್ತಿ.

ಒಲೆಯ ಹತ್ತಿರ ಥರ್ಮಾಕೋಲ್ ಕಾರ್ನಿಸ್ ಯಾವ ಅಂಟಿನಲ್ಲೂ ಬೇಡ. ಅದು ಹೊತ್ತಿಕೊಂಡರೆ ಕರಗಿ ಉರಿಯುತ್ತಾ ತೊಟ್ಟಿಕ್ಕುತ್ತದೆ.

ಯಾವ ಅಂಟಾದರೂ ಹಚ್ಚುವ ರೀತಿ ಒಂದೇ. ಕಾರ್ನಿಸ್ ಬೆನ್ನಿನಲ್ಲಿ ಗೋಡೆಗೆ ತಾಗುವ ಕಡೆ ಒಂದು ಗೆರೆ, ಸೀಲಿಂಗ್‌ಗೆ ತಾಗುವ ಕಡೆ ಒಂದು ಗೆರೆ, ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ. ಅಲ್ಲಲ್ಲಿ ಚುಕ್ಕಿ ಇಟ್ಟರೆ ಚುಕ್ಕಿಗಳ ನಡುವೆ ತುಂಡು ಉಬ್ಬಿ ಅಲೆಯ ಹಾಗೆ ಕಾಣುತ್ತದೆ. ಕೂರಿಸಿದ ಮೇಲೆ ಕೆಳಅಂಚಿನ ಕೆಳಗೆ ಗೋಡೆಗೆ ಎರಡು ಸಣ್ಣ ಮೊಳೆ ಹೊಡೆದು ಆಸರೆ ಕೊಡಿ. ಮರುದಿನ ಮೊಳೆ ಕಿತ್ತು ತೂತಿಗೆ ಪುಟ್ಟಿ.

ಎಷ್ಟು ಟ್ಯೂಬು ಬೇಕು? 310 ಮಿ.ಲೀ. ಕಾರ್ಟ್ರಿಜ್‌ನಿಂದ 6 ಮಿ.ಮೀ. ದಪ್ಪದ ಗೆರೆ ಸುಮಾರು 11 ಮೀಟರ್ ಬರುತ್ತದೆ. ಕಾರ್ನಿಸ್‌ಗೆ ಎರಡು ಗೆರೆ ಬೇಕಾದ್ದರಿಂದ ಒಂದು ಟ್ಯೂಬಿಗೆ ಐದೂವರೆ ಮೀಟರ್ ಕಾರ್ನಿಸ್. 3 ಮತ್ತು 4 ಮೀಟರ್ ಅಳತೆಯ ಕೋಣೆಯ ಸುತ್ತಳತೆ 14 ಮೀಟರ್, ಅಂದರೆ ಮೂರು ಟ್ಯೂಬು. ಅಂಚಿನ ಸಂದಿಗೆ ಇನ್ನೊಂದು ಸೇರಿಸಿಕೊಳ್ಳಿ. ಅಕ್ರಿಲಿಕ್ ಮಿಕ್ಕರೆ ಮೂತಿಗೆ ಉದ್ದನೆಯ ಸ್ಕ್ರೂ ತುರುಕಿ ಇಟ್ಟರೆ ಮುಂದೆ ಗೋಡೆಯ ಬಿರುಕಿಗೆ ಆಗುತ್ತದೆ. ಎಂಎಸ್ ಒಮ್ಮೆ ತೆರೆದರೆ ಗಾಳಿಯ ತೇವಕ್ಕೆ ಒಳಗೊಳಗೇ ಗಟ್ಟಿಯಾಗುತ್ತದೆ. ಅದನ್ನು ಬೇಕಾದಷ್ಟೇ ಕೊಂಡು, ತೆರೆದ ದಿನವೇ ಮುಗಿಸಿ.